ಮಾಡೆಲ್ ಕಟ್ಟಲು ಯಂತ್ರ ಕೊಳ್ಳುವ ಮುನ್ನ ಕನಿಷ್ಠ ವೇಗ ನೋಡಿ

ಎಚ್‌ಎಎಲ್ ತಯಾರಿಸುವ ತೇಜಸ್ ಯುದ್ಧವಿಮಾನದ ಉದ್ದ 13.2 ಮೀಟರ್. ಅದನ್ನು 1:72ರ ಅಳತೆಗೆ ಇಳಿಸಿದರೆ 18 ಸೆಂಟಿಮೀಟರ್ ಚಿಲ್ಲರೆ, ಅಂಗೈ ಮೇಲೆ ಕೂರುವಷ್ಟು. ಆ ಮಾದರಿಯ ರೆಕ್ಕೆಯ ಅಂಚು ಉಜ್ಜುವಾಗ ಒಂದೇ ಒಂದು ಮಿಲಿಮೀಟರ್ ಹೆಚ್ಚು ಹೋಯಿತೆಂದರೆ, ನಿಜವಾದ ವಿಮಾನದ ರೆಕ್ಕೆಯಲ್ಲಿ 7 ಸೆಂಟಿಮೀಟರ್ ಕತ್ತರಿಸಿ ತೆಗೆದ ಹಾಗೆ.

ಇಷ್ಟು ಸೂಕ್ಷ್ಮದ ಕೆಲಸಕ್ಕೆ ಕರೆಂಟ್ ಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಎರಡು ಅಂಕಿ ನೋಡುತ್ತಾರೆ: ಎಷ್ಟು ವ್ಯಾಟ್, ಗರಿಷ್ಠ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು). ಎರಡೂ ದೊಡ್ಡದಿದ್ದರೆ ಒಳ್ಳೆಯ ಮಾಲು ಎಂದು ತೀರ್ಮಾನಿಸುತ್ತಾರೆ. ಮನೆಯ ಗೋಡೆಗೆ ತೂತು ಹೊಡೆಯುವ ಡ್ರಿಲ್‌ಗೆ ಆ ಲೆಕ್ಕ ನಡೆಯುತ್ತದೆ. ಮಾಡೆಲ್ ಕೆಲಸಕ್ಕೆ ನಡೆಯುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದ್ದು ಬೇರೆಯೇ. ಈ ಯಂತ್ರ ಎಷ್ಟು ನಿಧಾನವಾಗಿ ತಿರುಗಬಲ್ಲದು? ನಿಧಾನವಾಗಿ ತಿರುಗುವಾಗಲೂ ಅದಕ್ಕೆ ಕಸುವು ಇರುತ್ತದೆಯೇ? ತಿರುಗುವಾಗ ಬಿಟ್‌ನ, ಅಂದರೆ ಯಂತ್ರದ ಮೂತಿಗೆ ಸಿಕ್ಕಿಸುವ ಕೊರೆಯುವ ಅಥವಾ ಉಜ್ಜುವ ತುಂಡಿನ, ತುದಿ ಅಲ್ಲಾಡದೆ ನಿಲ್ಲುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಬ್ರ್ಯಾಂಡ್, ಬೆಲೆ ಎಲ್ಲ ಆಮೇಲಿನ ಮಾತು.

ಬಿಸಿಯ ಲೆಕ್ಕ

ಮಾಡೆಲ್ ಕಟ್ಟುವವರು ಮೊದಲು ಕೊಳ್ಳುವುದು ಬಹುಪಾಲು ರೋಟರಿ ಟೂಲ್. ಅಂಗಡಿಯಲ್ಲಿ ಮಿನಿ ಗ್ರೈಂಡರ್, ಡೈ ಗ್ರೈಂಡರ್ ಎಂದೂ ಕೇಳುತ್ತೀರಿ. ಯಾವ ಕಂಪನಿಯದಾದರೂ ಸರಿ, ಡ್ರೆಮೆಲ್ ಎಂದೇ ಕರೆಯುವವರೂ ಇದ್ದಾರೆ. 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಊರಿನಲ್ಲಿ ಆಲ್ಬರ್ಟ್ ಡ್ರೆಮೆಲ್ ಆರಂಭಿಸಿದ ಕಂಪನಿ ಅದು. 1993ರಿಂದ ಬಾಷ್‌ನ ಕೈಯಲ್ಲಿದೆ. ಕೈಯಲ್ಲಿ ಪೆನ್ನಿನಂತೆ ಹಿಡಿದು ಕೊರೆಯಬಹುದು, ಕತ್ತರಿಸಬಹುದು, ಉಜ್ಜಬಹುದು, ಪಾಲಿಶ್ ಮಾಡಬಹುದು. ಹಾಗಾಗಿ ಒಂದು ಕೊಂಡರೆ ಎಲ್ಲ ಆಯಿತು ಎನ್ನಿಸುತ್ತದೆ.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಇದರ ಜೊತೆ ಬರುವ ಸ್ಯಾಂಡಿಂಗ್ ಡ್ರಮ್‌ನ, ಅಂದರೆ ಉಪ್ಪುಕಾಗದ ಸುತ್ತಿದ ಪುಟ್ಟ ಉರುಳೆಯ, ಅಡ್ಡಗಲ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದರ ಸುತ್ತಳತೆ ಸುಮಾರು 40 ಮಿ.ಮೀ. ನಿಮಿಷಕ್ಕೆ 30,000 ಸುತ್ತು ತಿರುಗಿಸಿದರೆ ಡ್ರಮ್‌ನ ಮೇಲಿನ ಉಪ್ಪುಕಾಗದ ನಿಮಿಷಕ್ಕೆ 1,200 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಓಡುವ ಉಪ್ಪುಕಾಗದವನ್ನು ನೀವು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್‌ಗೆ ತಾಗಿಸುತ್ತಿದ್ದೀರಿ. ಅದೇ ಯಂತ್ರವನ್ನು 5,000ಕ್ಕೆ ಇಳಿಸಿದರೆ ವೇಗ ಗಂಟೆಗೆ 12 ಕಿಲೋಮೀಟರ್.

ಬಿಡಿಭಾಗ ಜೋಡಿಸಿ ಮಾದರಿ ಕಟ್ಟುವ ಕಿಟ್‌ಗಳಲ್ಲಿ ಬರುವ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಸ್ಟೈರೀನ್. ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ. ಸಾಲದ್ದಕ್ಕೆ ಪ್ಲಾಸ್ಟಿಕ್ ಬಿಸಿಯನ್ನು ಹರಿಯಗೊಡುವುದಿಲ್ಲ. ಲೋಹವಾದರೆ ಉಜ್ಜಿದ ಜಾಗದ ಬಿಸಿ ಇಡೀ ತುಂಡಿಗೆ ಹಂಚಿಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ತಾಗಿದ ಜಾಗದಲ್ಲೇ ಕೂತುಬಿಡುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಲೇತ್ ಮೇಲೆ ತಿರುಗುತ್ತಿರುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಬೇಕೆಂದೇ ಮಾಡುವ ಕೆಲಸ, ನಿಮ್ಮ ವಿಮಾನದ ರೆಕ್ಕೆಯ ಮೇಲೆ ಬೇಡದೆ ಆಗುತ್ತದೆ. ಕರಗಿದ ಪ್ಲಾಸ್ಟಿಕ್ ಡ್ರಮ್‌ಗೆ ಅಂಟುತ್ತದೆ, ಅಂಟಿದ್ದು ಮತ್ತಷ್ಟು ತಿಕ್ಕುತ್ತದೆ, ಮತ್ತಷ್ಟು ಬಿಸಿಯಾಗುತ್ತದೆ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ದಾರದಂತಹ ಎಳೆಗಳು ಎದ್ದಿರುತ್ತವೆ. ಪುಡಿ ಉದುರುವ ಬದಲು ಎಳೆ ಏಳತೊಡಗಿತೆಂದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ತಕ್ಷಣ ನಿಲ್ಲಿಸಬೇಕು.

ಆದ್ದರಿಂದಲೇ ಪೆಟ್ಟಿಗೆಯ ಮೇಲಿನ ಗರಿಷ್ಠ ಆರ್‌ಪಿಎಂಗಿಂತ ಕನಿಷ್ಠ ಆರ್‌ಪಿಎಂ ಮುಖ್ಯ. ಮನೆಯ ಸಾಕೆಟ್‌ಗೆ ನೇರವಾಗಿ ಹಾಕುವ ಅನೇಕ ರೋಟರಿ ಟೂಲ್‌ಗಳು 10,000ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಕೆಲವು 5,000ಕ್ಕೆ ಇಳಿಯುತ್ತವೆ. ಪ್ಲಾಸ್ಟಿಕ್ ಕಿಟ್ ನಿಮ್ಮ ಮುಖ್ಯ ಕೆಲಸವಾದರೆ 5,000 ಅಥವಾ ಅದಕ್ಕೂ ಕೆಳಗೆ ಹೋಗುವ ಯಂತ್ರವನ್ನೇ ಆರಿಸಿಕೊಳ್ಳಿ. ಹಿತ್ತಾಳೆ, ಕಬ್ಬಿಣದ ತಂತಿ ಕತ್ತರಿಸಲು ಹೆಚ್ಚಿನ ವೇಗ ಬೇಕು, ನಿಜ. ಆದರೆ ಅದು ಬಹುತೇಕ ಎಲ್ಲ ಯಂತ್ರಗಳಲ್ಲೂ ಸಿಗುತ್ತದೆ.

ನಿಧಾನಕ್ಕೆ ಇಳಿದರೂ ಕಸುವು ಉಳಿಯಬೇಕು. ಸಾಕೆಟ್‌ಗೆ ಹಾಕುವ ಅಗ್ಗದ ಯಂತ್ರಗಳಲ್ಲಿ ಇರುವುದು ಕಾರ್ಬನ್ ಬ್ರಷ್‌ನ ಯೂನಿವರ್ಸಲ್ ಮೋಟಾರ್. ವೇಗ ಕಡಿಮೆ ಮಾಡುವ ತಿರುಗಣೆ ಅದಕ್ಕೆ ಹೋಗುವ ವಿದ್ಯುತ್ತನ್ನೇ ಕಡಿತಗೊಳಿಸುತ್ತದೆ. ಖಾಲಿ ತಿರುಗುವಾಗ ಚೆನ್ನಾಗಿಯೇ ಇರುತ್ತದೆ, ವಸ್ತುವಿಗೆ ತಾಗಿಸಿದ ಕೂಡಲೇ ಮುಗ್ಗರಿಸುತ್ತದೆ. ದುಬಾರಿ ಮಾದರಿಗಳಲ್ಲಿ ಒಂದು ಸರ್ಕ್ಯೂಟ್ ವೇಗವನ್ನು ಗಮನಿಸುತ್ತಾ, ಭಾರ ಬಿದ್ದಾಗ ಹೆಚ್ಚು ವಿದ್ಯುತ್ ಕೊಟ್ಟು ವೇಗ ಬೀಳದಂತೆ ನೋಡಿಕೊಳ್ಳುತ್ತದೆ. ಹೆಚ್ಚಿನ ಹಣ ಕೊಡುವುದಾದರೆ ಇದಕ್ಕೆ ಕೊಡಿ. ನೂರು ಬಿಟ್‌ಗಳಿರುವ ಪೆಟ್ಟಿಗೆಗೆ ಕೊಡಬೇಡಿ. ಆ ನೂರರಲ್ಲಿ ಬಳಸುವುದು ಹತ್ತು ಇದ್ದರೆ ಹೆಚ್ಚು.

ಅಕ್ಕಸಾಲಿಗರಿಂದ ಕಲಿಯಬೇಕಾದ್ದು

ಮಾಡೆಲ್ ಕಟ್ಟುವವರು ಹಾರ್ಡ್‌ವೇರ್ ಅಂಗಡಿ ಬಿಟ್ಟು ಬೇರೆಡೆಯೂ ಹುಡುಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೂಕ್ಷ್ಮ ಕೆಲಸದ ಯಂತ್ರ ನಮ್ಮಲ್ಲಿ ಬಹಳ ಹಿಂದಿನಿಂದಲೇ ಇದೆ, ಬೇರೆಯವರ ಮೇಜಿನ ಮೇಲೆ. ಅಕ್ಕಸಾಲಿಗರ ಹ್ಯಾಂಗಿಂಗ್ ಮೋಟಾರ್ ನೋಡಿ. ಮೋಟಾರನ್ನು ಮೇಲೆ ಕೊಕ್ಕೆಗೆ ನೇತುಹಾಕಿ, ಅದರಿಂದ ಬಳುಕುವ ಶಾಫ್ಟ್ ಇಳಿಸಿ, ತುದಿಯ ಹಿಡಿಕೆಯನ್ನಷ್ಟೇ ಕೈಯಲ್ಲಿ ಹಿಡಿಯುತ್ತಾರೆ. ವೇಗವನ್ನು ಪಾದದ ಪೆಡಲ್ ನಿಯಂತ್ರಿಸುತ್ತದೆ. ಕೈಗೆ ಮೋಟಾರಿನ ಭಾರವಿಲ್ಲ, ಅದುರುವಿಕೆ ಇಲ್ಲ, ವೇಗ ಬದಲಿಸಲು ಬೆರಳು ತೆಗೆಯಬೇಕಾಗಿಲ್ಲ. ಒಂದು ಗಂಟೆ ಕೂತು ಹಡಗಿನ ಮಾದರಿಗೆ ಸೂಕ್ಷ್ಮ ಕೆತ್ತನೆ ಮಾಡುವವರಿಗೆ ಇದರ ಬೆಲೆ ತಿಳಿಯುತ್ತದೆ.

ಹಲ್ಲಿನ ಲ್ಯಾಬ್‌ಗಳಲ್ಲಿ ಬಳಸುವ ಮೈಕ್ರೋಮೋಟಾರ್ ಇನ್ನೊಂದು. ಮೇಜಿನ ಮೇಲೆ ಪುಟ್ಟ ಕಂಟ್ರೋಲ್ ಡಬ್ಬಿ, ಅದರಿಂದ ವೈರು, ತುದಿಯಲ್ಲಿ ದಪ್ಪ ಪೆನ್ನಿನಷ್ಟು ಹಿಡಿಕೆ. ಮೋಟಾರು ಹಿಡಿಕೆಯೊಳಗೇ ಇರುತ್ತದೆ. ವೇಗ ತೀರಾ ಕೆಳಗಿನಿಂದ ಶುರುವಾಗುತ್ತದೆ, ಬಲಕ್ಕೂ ಎಡಕ್ಕೂ ತಿರುಗುತ್ತದೆ, ತುದಿಯ ಅಲುಗಾಟ ಬಹಳ ಕಡಿಮೆ. ಬ್ಯೂಟಿ ಪಾರ್ಲರ್‌ಗಳ ಉಗುರು ಉಜ್ಜುವ ಡ್ರಿಲ್ ಕೂಡ ಇದೇ ಜಾತಿಯದು. ಒಂದು ವಿಷಯ ಮಾತ್ರ ನೆನಪಿರಲಿ: ಇವುಗಳ ಬಿಟ್‌ಗಳ ಕಾಂಡ 2.35 ಮಿ.ಮೀ., ಹಾರ್ಡ್‌ವೇರ್ ಅಂಗಡಿಯ ರೋಟರಿ ಟೂಲ್‌ನದು ಸಾಮಾನ್ಯವಾಗಿ 3.2 ಮಿ.ಮೀ. ಒಂದರ ಬಿಟ್ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ಪ್ಲಾಸ್ಟಿಕ್ ಮತ್ತು ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ ರಾಳ) ಮಾದರಿಗಳನ್ನಷ್ಟೇ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ: ದೊಡ್ಡ ರೋಟರಿ ಟೂಲ್ ಬಿಟ್ಟು ಒಂದು ಮೈಕ್ರೋಮೋಟಾರ್ ಕೊಳ್ಳಿ.

ಜರ್ಮನಿಯ ಪ್ರಾಕ್ಸಾನ್ ಕಂಪನಿಯ 12 ವೋಲ್ಟ್ ಯಂತ್ರಗಳೂ ಇದೇ ದಾರಿ ಹಿಡಿದವು. ಮೈಕ್ರೋಮಾಟ್ 50 ಎಂಬ ಮಾದರಿ ಬರೀ 40 ವ್ಯಾಟ್‌ನದು. ಸಾಕೆಟ್‌ಗೆ ಹಾಕುವ ಯಂತ್ರದ 130, 175 ವ್ಯಾಟ್‌ನ ಪಕ್ಕದಲ್ಲಿ ಆ ಅಂಕಿ ಸಪ್ಪೆಯಾಗಿ ಕಾಣುತ್ತದೆ. ಆದರೆ ಅರ್ಧ ಮಿಲಿಮೀಟರ್ ತೂತಿಗೆ, ಅಕ್ಕಿಕಾಳಿನಷ್ಟು ಗಾತ್ರದ, ಬರ್ ಎಂಬ ಕೆತ್ತುವ ಬಿಟ್‌ಗೆ 40 ವ್ಯಾಟ್ ಬೇಕಾದಷ್ಟಾಯಿತು.

ತೂತಿನ ವಿಚಾರ

ಬಿಟ್‌ಗಳನ್ನು ಹಿಡಿಯುವ ವ್ಯವಸ್ಥೆ ಎರಡು ಬಗೆ. ಒಂದು ಕಾಲೆಟ್: ಒಂದೊಂದು ದಪ್ಪಕ್ಕೆ ಒಂದೊಂದು, ಸುತ್ತಲಿಂದಲೂ ಸಮವಾಗಿ ಅವುಚಿ ಹಿಡಿಯುತ್ತದೆ. ಇನ್ನೊಂದು ಚಕ್: ಮೂರು ದವಡೆಗಳಿಂದ ಯಾವ ದಪ್ಪದ ಬಿಟ್ಟನ್ನಾದರೂ ಕಚ್ಚುತ್ತದೆ. ಚಕ್ ಅನುಕೂಲ, ಆದರೆ ಸಣ್ಣ ಯಂತ್ರಗಳ ಚಕ್‌ನಲ್ಲಿ ಬಿಟ್ ನಡುವಿಗೆ ಸರಿಯಾಗಿ ಕೂರುವುದು ಕಷ್ಟ. 6 ಮಿ.ಮೀ. ತೂತಿನಲ್ಲಿ ಒಂದು ಎಳೆಯಷ್ಟು ಅಲುಗಾಟ ಗೊತ್ತೇ ಆಗುವುದಿಲ್ಲ. ಬಿಟ್ಟೇ ಅರ್ಧ ಮಿಲಿಮೀಟರ್ ಇರುವಾಗ ಅಷ್ಟು ಅಲುಗಾಟ ಸಾಕು, ತೂತು ಅಗಲವಾಗುತ್ತದೆ ಇಲ್ಲವೇ ಬಿಟ್ ಪಟ್ಟನೆ ಮುರಿಯುತ್ತದೆ. ಕೊಳ್ಳುವಾಗ ಕಾಲೆಟ್‌ಗಳ ಸೆಟ್ ಸಿಗುತ್ತದೆಯೇ ಕೇಳಿ. ಡ್ರೆಮೆಲ್‌ಗೆ 0.8, 1.6, 2.4, 3.2 ಮಿ.ಮೀ. ಕಾಲೆಟ್‌ಗಳಿವೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ಕಾರ್ಬೈಡ್ ಬಿಟ್‌ಗಳು ಸಿಗುತ್ತವೆ. 0.3 ಮಿ.ಮೀ.ನಿಂದ ಇರುತ್ತವೆ, ಬಹಳ ಹರಿತ. ಕಾರ್ಬೈಡ್ ಗಡುಸು, ಅಷ್ಟೇ ಪೆಡಸು. ಕೊಂಚವೂ ಬಾಗುವುದಿಲ್ಲ, ಮುರಿಯುತ್ತದೆ. ಯಂತ್ರವನ್ನು ಕೈಯಲ್ಲಿ ಹಿಡಿದು ಕೊರೆದರೆ ಒಂದೊಂದು ತೂತಿಗೂ ಒಂದೊಂದು ಬಿಟ್ ಹೋಗುತ್ತದೆ. ಅವನ್ನು ಬಳಸುವುದಾದರೆ ಯಂತ್ರವನ್ನು ನೆಟ್ಟಗೆ ಇಳಿಸುವ ಡ್ರಿಲ್ ಸ್ಟ್ಯಾಂಡ್ ಬೇಕೇ ಬೇಕು. ಕೈಯಲ್ಲೇ ಕೊರೆಯುವವರಿಗೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನ) ಬಿಟ್‌ಗಳು ವಾಸಿ, ಅವು ತುಸು ಬಳುಕುತ್ತವೆ.

ಇನ್ನೂ ಒಂದು ಮಾತು. ಪ್ಲಾಸ್ಟಿಕ್ ಮಾದರಿಯಲ್ಲಿ ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತಿಗೆ ಕರೆಂಟಿನ ಯಂತ್ರವೇ ಬೇಡ. ಪಿನ್ ವೈಸ್ ಎಂಬ ಕೈಬೈರಿಗೆ ಸಾಕು. ಬೆರಳ ನಡುವೆ ಹೊರಳಿಸುತ್ತಾ ಹೋದರೆ ಬಿಟ್ ಎಲ್ಲಿ ಕಚ್ಚುತ್ತಿದೆ, ಯಾವಾಗ ಆಚೆ ಬದಿಗೆ ಹೊರಡುತ್ತದೆ ಎಲ್ಲ ಬೆರಳಿಗೇ ತಿಳಿಯುತ್ತದೆ. ಕರಗುವ ಭಯವೂ ಇಲ್ಲ.

ಮರಕ್ಕೆ ಬಂದರೆ

ಮರದ ಮಾದರಿಗಳಲ್ಲಿ ಲೆಕ್ಕವೇ ಬೇರೆ, ಮರವೂ ಒಂದೇ ಬಗೆಯದಲ್ಲ. ಹಾರುವ ಮಾದರಿ ವಿಮಾನಗಳಿಗೆ ಬಳಸುವ ಬಾಲ್ಸಾ ತೇಗಕ್ಕೆ ಹೋಲಿಸಿದರೆ ಕಾಲು ಭಾಗದಷ್ಟೇ ತೂಗುವ ಮೆತ್ತನೆಯ ಮರ. ಎರಡು ಮೂರು ಮಿಲಿಮೀಟರ್ ಹಾಳೆಗೆ ಹರಿತವಾದ ಬ್ಲೇಡು, ಉಕ್ಕಿನ ಸ್ಕೇಲು ಸಾಕು. ಕರೆಂಟ್ ಗರಗಸ ಅದನ್ನು ಕತ್ತರಿಸುವುದಕ್ಕಿಂತ ಹರಿಯುವುದೇ ಹೆಚ್ಚು. ಎನ್‌ಸಿಸಿ ವಾಯುದಳದ ಏರೋಮಾಡೆಲಿಂಗ್‌ಗೆ ಸೇರಿದ ಮಕ್ಕಳಿಗೆ ಪೋಷಕರು ಮೊದಲ ದಿನವೇ ಯಂತ್ರ ಕೊಡಿಸಬೇಕಾಗಿಲ್ಲ.

ಪ್ಲೈವುಡ್, ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಬಂದಾಗ ಗರಗಸ ಬೇಕು. ವಿಮಾನದ ಒಳಗಿನ ಪ್ಲೈ ಚೌಕಟ್ಟು, ಮನೆ ಮಾದರಿಯ ಕಿಟಕಿಗಳು, ರೈಲು ಮಾದರಿಯ ಕಮಾನು ಸೇತುವೆ, ಹೀಗೆ ಬಳುಕು ಗೆರೆ ಇರುವ ಕೆಲಸಕ್ಕೆ ಸ್ಕ್ರೋಲ್ ಸಾ ಹೇಳಿ ಮಾಡಿಸಿದ್ದು. ತೆಳುವಾದ ಬ್ಲೇಡು ಮೇಲೆ ಕೆಳಗೆ ಆಡುತ್ತದೆ, ನೀವು ಹಲಗೆಯನ್ನು ತಿರುಗಿಸುತ್ತಾ ಹೋಗುತ್ತೀರಿ. ಕತ್ತರಿಸುವ ಯಂತ್ರಗಳಲ್ಲಿ ಇದರಷ್ಟು ಸೌಮ್ಯವಾದದ್ದು ಇನ್ನೊಂದಿಲ್ಲ.

ಸ್ಕ್ರೋಲ್ ಸಾ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳುವ ಅವಕಾಶವಿದ್ದರೆ ಬ್ಲೇಡಿನ ಬಗ್ಗೆ ಕೇಳಿ. ಬ್ಲೇಡಿನ ಎರಡು ತುದಿಗೂ ಅಡ್ಡ ಪಿನ್ ಇರುವುದು ಒಂದು ಬಗೆ. ಪಿನ್ ಇಲ್ಲದೆ ಸ್ಕ್ರೂ ಬಿಗಿದು ಹಿಡಿಯುವುದು ಇನ್ನೊಂದು. ಪಿನ್ ಇರುವುದನ್ನು ಸಿಕ್ಕಿಸುವುದು ಸುಲಭ. ಆದರೆ ಕಿಟಕಿಯಂತೆ ಹಲಗೆಯ ನಡುವೆ ಕತ್ತರಿಸಬೇಕಾದರೆ ಮೊದಲು ತೂತು ಕೊರೆದು ಬ್ಲೇಡನ್ನು ಅದರೊಳಗೆ ತೂರಿಸಬೇಕು. ಪಿನ್ ತೂರಬೇಕೆಂದರೆ ದೊಡ್ಡ ತೂತೇ ಬೇಕು. 1:50ರ ಮನೆ ಮಾದರಿಯಲ್ಲಿ ಬಚ್ಚಲುಮನೆಯ ಎರಡಡಿ ಅಗಲದ ಕಿಟಕಿ ಬರೀ 12 ಮಿ.ಮೀ. ಪಿನ್ನಿಗಾಗಿ ಕೊರೆದ ತೂತೇ ಅದರ ಅರ್ಧ ನುಂಗಿಬಿಡುತ್ತದೆ. ಪಿನ್ ಇಲ್ಲದ ಬ್ಲೇಡು ಒಂದೆರಡು ಮಿ.ಮೀ. ತೂತಿನಲ್ಲಿ ನುಸುಳುತ್ತದೆ. ಆದ್ದರಿಂದ ಎರಡೂ ಬಗೆ ಹಿಡಿಯುವ ಯಂತ್ರ ಕೊಳ್ಳಿ. ಬ್ಲೇಡ್ ಆರಿಸುವಾಗ ಹಲಗೆಯ ದಪ್ಪದೊಳಗೆ ಯಾವಾಗಲೂ ಕನಿಷ್ಠ ಎರಡು ಮೂರು ಹಲ್ಲು ಇರುವಂತೆ ನೋಡಿಕೊಳ್ಳಿ. ಹಲ್ಲುಗಳ ನಡುವಿನ ಅಂತರ ಹಲಗೆಯ ದಪ್ಪಕ್ಕಿಂತ ಹೆಚ್ಚಾದರೆ ಹಲಗೆ ಮೇಜಿನ ಮೇಲೆ ಕುಣಿಯುತ್ತದೆ.

ಹಡಗಿನ ಮಾದರಿ ಕಟ್ಟುವವರಿಗೆ ಉದ್ದುದ್ದ ಪಟ್ಟಿಗಳು ಬೇಕು, ಒಂದು ಮಿಲಿಮೀಟರ್ ದಪ್ಪದವು, ನೂರಾರು. ಅದಕ್ಕೆ ಪುಟ್ಟ ಟೇಬಲ್ ಸಾ. ಇಲ್ಲಿ ನೋಡಬೇಕಾದ್ದು ಬ್ಲೇಡು ತಿನ್ನುವ ಮರ. ಬ್ಲೇಡಿನ ಕಚ್ಚು, ಅಂದರೆ ಅದು ಮಾಡುವ ಸೀಳಿನ ಅಗಲ, 2 ಮಿ.ಮೀ. ಇದ್ದು ಪಟ್ಟಿ 1 ಮಿ.ಮೀ. ಬೇಕೆಂದರೆ ಮೂರರಲ್ಲಿ ಎರಡು ಪಾಲು ಮರ ಹೊಟ್ಟಾಗುತ್ತದೆ. ಅರ್ಧ ಮಿಲಿಮೀಟರಿನ ತೆಳು ಬ್ಲೇಡು ಹಾಕಬಹುದಾದ ಯಂತ್ರವಾದರೆ ನಷ್ಟ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಮಾಡೆಲ್ ಯಂತ್ರಗಳಲ್ಲಿ ಅತಿ ಹೆಚ್ಚು ಭಯ ಇಟ್ಟುಕೊಳ್ಳಬೇಕಾದ್ದೂ ಇದಕ್ಕೇ. ಬ್ಲೇಡು ಮತ್ತು ಪಕ್ಕದ ಅಡ್ಡಪಟ್ಟಿಯ ನಡುವೆ ತುಂಡು ಸಿಕ್ಕಿಕೊಂಡರೆ ಬಾಣದಂತೆ ನಿಮ್ಮ ಕಡೆಗೇ ಹಾರುತ್ತದೆ. ಸಣ್ಣ ತುಂಡನ್ನು ಬೆರಳಿನಿಂದ ತಳ್ಳಲೇಬಾರದು, ತಳ್ಳುಕೋಲು ಬಳಸಬೇಕು, ಬ್ಲೇಡಿನ ನೇರಕ್ಕೆ ನಿಲ್ಲಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಮರದ ಕೆಲಸದವರಿಗೆ ಒಂದೇ ಯಂತ್ರ ಎಂದಾದರೆ ನನ್ನ ಆಯ್ಕೆ ಮೇಜಿನ ಮೇಲಿಡುವ ಡಿಸ್ಕ್ ಸ್ಯಾಂಡರ್. ಕೈಗರಗಸದಿಂದ ತುಸು ಉದ್ದವಾಗಿಯೇ ಕತ್ತರಿಸಿ, ಗೆರೆಯವರೆಗೆ ಡಿಸ್ಕ್‌ನಲ್ಲಿ ಉಜ್ಜಿದರೆ ಅಂಚು ಚೊಕ್ಕ 90 ಡಿಗ್ರಿಗೆ ಬರುತ್ತದೆ. ನಾಲ್ಕು ಕಂಬ ಒಂದೇ ಎತ್ತರ ಇರಬೇಕಾದಾಗ, ಮೂಲೆಗಳು ಕೂಡಬೇಕಾದಾಗ ಇದು ಉಳಿಸುವ ಶ್ರಮ ಅಷ್ಟಿಷ್ಟಲ್ಲ. ತುಂಡನ್ನು ಡಿಸ್ಕ್ ಕೆಳಮುಖವಾಗಿ ತಿರುಗುವ ಅರ್ಧಕ್ಕೇ ತಾಗಿಸಬೇಕು. ಅದು ತುಂಡನ್ನು ಮೇಜಿಗೆ ಒತ್ತುತ್ತದೆ. ಇನ್ನೊಂದು ಅರ್ಧ ಮೇಲಕ್ಕೆ ಎತ್ತಿ ಎಸೆಯುತ್ತದೆ.

ಥರ್ಮೋಕೋಲ್‌ನಲ್ಲಿ ಗುಡ್ಡ ಬೆಟ್ಟ ಮಾಡುವವರಿಗೆ ಬಿಸಿ ತಂತಿಯ ಕಟ್ಟರ್ ಸಾಕು. ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಗಾಳಿ ತುಂಬಿ ಉಬ್ಬಿಸಿದ್ದು. ಕಿಟ್‌ನಲ್ಲಿ ಬೇಡವಾದ ಬಿಸಿಯೇ ಇಲ್ಲಿ ಕತ್ತರಿಸುವ ಸಾಧನ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬಳಸುವ ಪಿವಿಸಿ ಫೋಮ್ ಹಾಳೆಗೆ ಮಾತ್ರ ಬಿಸಿ ತಂತಿ ತಾಗಿಸಬಾರದು, ಲೇಸರ್ ಕಟಿಂಗ್‌ಗೂ ಕೊಡಬಾರದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಶ್ವಾಸಕ್ಕೂ ಕೆಟ್ಟದ್ದು, ಯಂತ್ರದ ಲೋಹಕ್ಕೂ ಕೆಟ್ಟದ್ದು.

ಬಣ್ಣಕ್ಕೆ ಕಂಪ್ರೆಸರ್

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಏರ್‌ಬ್ರಷ್‌ನಿಂದ ಬಣ್ಣ ಹೊಡೆಯುವವರಿಗೆ, ಆ ಗಾಳಿ ಕೊಡುವ ಕಂಪ್ರೆಸರ್ ಅತಿ ದೊಡ್ಡ ಖರ್ಚು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಮಾದರಿಗೆ ಬಣ್ಣ ಹೊಡೆಯಲು ಬೇಕಾದ ಒತ್ತಡ 1ರಿಂದ 1.5 ಬಾರ್, ಗಾಳಿಯೂ ಹೆಚ್ಚೇನೂ ಬೇಡ. ಆದರೆ ಆ ಒತ್ತಡ ಏರಿಳಿತವಿಲ್ಲದೆ ಬರಬೇಕು. ಟ್ಯಾಂಕ್ ಇಲ್ಲದ ಪುಟ್ಟ ಕಂಪ್ರೆಸರ್‌ನಲ್ಲಿ ಪಿಸ್ಟನ್ನಿನ ಒಂದೊಂದು ಬಡಿತವೂ ಗಾಳಿಯಲ್ಲಿ ಕಾಣುತ್ತದೆ, ಸಣ್ಣ ಗೆರೆ ಎಳೆಯುವಾಗ ಚುಕ್ಕೆ ಚುಕ್ಕೆಯಾಗುತ್ತದೆ. ಮೂರು ಲೀಟರಿನ ಟ್ಯಾಂಕ್ ಇದ್ದರೆ ಆ ಬಡಿತ ಅದರಲ್ಲೇ ಅಡಗುತ್ತದೆ. ಟ್ಯಾಂಕ್ ತುಂಬಿದಾಗ ತಾನೇ ನಿಂತು, ಒತ್ತಡ ಇಳಿದಾಗ ತಾನೇ ಚಾಲೂ ಆಗುವ ಸ್ವಿಚ್ ಇರಲಿ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕೆಲಸ ಮಾಡುವವರಿಗೆ, ಅಕ್ಕಪಕ್ಕದ ಮನೆಯವರಿಗೆ ಅದೇ ನೆಮ್ಮದಿ.

ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಗಾಳಿಯನ್ನು ಒತ್ತಿ ಹಿಡಿದಾಗ ಬಿಸಿಯಾಗುತ್ತದೆ, ಆಮೇಲೆ ತಣಿಯುವಾಗ ಅದರಲ್ಲಿನ ತೇವ ನೀರಾಗುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಆ ನೀರು ಪೈಪಿನಲ್ಲಿ ಹನಿಗಟ್ಟಿ ಬಣ್ಣದ ಜೊತೆ ಮಾದರಿಯ ಮೇಲೆ ಬೀಳುತ್ತದೆ. ತೇವ ಹಿಡಿಯುವ ಫಿಲ್ಟರ್ ಕಂಪ್ರೆಸರ್‌ನಲ್ಲೇ ಇದ್ದರೂ ಏರ್‌ಬ್ರಷ್‌ನ ಹತ್ತಿರ ಇನ್ನೊಂದು ಹಾಕಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಗಾಳಿ ಪೂರ್ತಿ ತಣಿಯುವುದು ಪೈಪಿನಲ್ಲಿ ಹಾದು ಬಂದ ಮೇಲೆಯೇ. ಕೆಲಸ ಮುಗಿದಾಗ ಟ್ಯಾಂಕಿನ ಅಡಿಯ ಸ್ಕ್ರೂ ಬಿಚ್ಚಿ ನೀರು ಹೊರಬಿಡಬೇಕು, ಇಲ್ಲದಿದ್ದರೆ ಒಳಗೇ ತುಕ್ಕು.

ಕಣ್ಣು ಮತ್ತು ಉಸಿರು

ಯಂತ್ರದ ಬಜೆಟ್ಟಿನಲ್ಲಿ ಕನ್ನಡಕ ಮತ್ತು ಮಾಸ್ಕ್ ಸೇರಿಸಿಯೇ ಲೆಕ್ಕ ಹಾಕಿ. ಒಂದೂವರೆ ಇಂಚಿನ ಕಟಿಂಗ್ ಡಿಸ್ಕ್ 30,000 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 215 ಕಿಲೋಮೀಟರ್. ತೆಳುವಾದ ಎಮರಿ ಡಿಸ್ಕ್ ಸ್ವಲ್ಪ ಓರೆಯಾಗಿ ಸಿಕ್ಕಿಕೊಂಡರೂ ಚೂರಾಗಿ ಸಿಡಿಯುತ್ತದೆ. ನಾರು ಸೇರಿಸಿ ಗಟ್ಟಿ ಮಾಡಿದ ಡಿಸ್ಕ್ ಕೊಳ್ಳಿ, ಡಿಸ್ಕ್ ಮೇಲೆ ಬರೆದ ಗರಿಷ್ಠ ವೇಗ ಮೀರಬೇಡಿ. ಓದುವ ಕನ್ನಡಕ ಸಾಲದು. ಬದಿಯೂ ಮುಚ್ಚಿರುವ ಸೇಫ್ಟಿ ಕನ್ನಡಕವೇ ಬೇಕು.

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಎಂಡಿಎಫ್ ಧೂಳಿನಲ್ಲಿ ಅಂಟಿನ ಅಂಶವೂ ಇರುತ್ತದೆ. ಕೈಯಲ್ಲಿ ಉಜ್ಜಿದರೆ ಕೆಳಗೆ ಬೀಳುವ ಪುಡಿ, ಯಂತ್ರದಲ್ಲಿ ಉಜ್ಜಿದರೆ ಹೊಗೆಯಂತೆ ತೇಲುತ್ತದೆ. ಧೂಳಿಗೆ ಎನ್95 ಮಾಸ್ಕ್ ಸಾಕು. ಥಿನ್ನರ್ ಬೆರೆಸಿದ ಬಣ್ಣದ ಆವಿಯನ್ನು ಅದು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ರೆಸಿನ್ ತುಂಡುಗಳನ್ನು ನೀರಿನಲ್ಲಿ ಅದ್ದಿ ವಾಟರ್ ಪೇಪರ್‌ನಲ್ಲಿ ಕೈಯಿಂದಲೇ ಉಜ್ಜಿದರೆ ಧೂಳೇ ಏಳುವುದಿಲ್ಲ.

ಅಮೆರಿಕದಿಂದ ತರಿಸುವವರಿಗೆ

ಅಮೆರಿಕದಲ್ಲಿರುವ ಮಗನೋ ತಂಗಿಯೋ ಊರಿಗೆ ಬರುವಾಗ ಒಂದು ರೋಟರಿ ಟೂಲ್ ತರುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿನ ಸಾಕೆಟ್ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಬದಲಿಸುವುದಿಲ್ಲ. ನೇರವಾಗಿ ಹಾಕಿದರೆ ಮೋಟಾರ್ ಸುಟ್ಟುಹೋಗುತ್ತದೆ. ಬ್ರಷ್ ಮೋಟಾರಿನ ಯಂತ್ರವಾದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನಡೆಸಬಹುದು. ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಿನ ಯಂತ್ರ ತರಿಸಬೇಡಿ. ಅದರ ವೇಗ ಹರ್ಟ್ಸ್ ಮೇಲೆ ನಿಂತಿರುವುದರಿಂದ ಟ್ರಾನ್ಸ್‌ಫಾರ್ಮರ್ ಹಾಕಿದರೂ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ಬಿಸಿಯೂ ಹೆಚ್ಚು. ಬ್ಯಾಟರಿ ಯಂತ್ರವಾದರೆ ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿದರೆ ಸಾಕು.

ಇಲ್ಲೇ ಅಂಗಡಿಯಲ್ಲಿ ಕೊಳ್ಳುವವರು ಪೆಟ್ಟಿಗೆ ತೆಗೆಸಿ, ಒಂದು ತೆಳು ಬಿಟ್ ಹಾಕಿಸಿ. ಸ್ವಿಚ್ ಹಾಕುವ ಮುಂಚೆ ಶಾಫ್ಟನ್ನು ಬೆರಳಿನಿಂದ ತಿರುಗಿಸಿ, ಬಿಳಿ ಹಾಳೆಯ ಮೇಲೆ ಇಟ್ಟ ಒಂದು ಚುಕ್ಕೆಯ ಎದುರು ತುದಿ ಅತ್ತಿತ್ತ ಹೊಯ್ದಾಡುತ್ತದೆಯೇ ನೋಡಿ. ಆಮೇಲೆ ಅತಿ ಕಡಿಮೆ ವೇಗಕ್ಕೆ ಇಟ್ಟು ಚಾಲೂ ಮಾಡಿಸಿ, ಒಂದು ಹಳೆಯ ಪ್ಲಾಸ್ಟಿಕ್ ಸ್ಕೇಲಿನ ಅಂಚಿಗೆ ಸ್ಯಾಂಡಿಂಗ್ ಡ್ರಮ್ ಹಗುರಾಗಿ ತಾಗಿಸಿ. ವೇಗ ಕುಗ್ಗದೆ, ಎಳೆ ಏಳದೆ ಪುಡಿ ಉದುರಿದರೆ ಆ ಯಂತ್ರಕ್ಕೆ ಹಣ ಕೊಡಬಹುದು.